ಇಬ್ಬರೂ ಕೂಡಿ ನಿಂತರೆ

ಪುಣೆ
೨ ಜೂನ್ ೨೦೨೪

ತಮ್ಮ ಉರುಕುಂದಪ್ಪಗ ನಿಮ್ಮಣ್ಣ ಯಲ್ಲಾಲಿಂಗ ಬರಿಯೋದು.

ಲಕೋಟಿ ಮ್ಯಾಲ ಮಾತ್ರ ನನ್ನ ಹೆಸರೇ ಬರ್ದೀನಿ. ನಿಮ್ಮ ಸಾಲ್ಯಾಗ ಉರುಕುಂದಪ್ಪ ಅಂದ್ರ ಯಾರಿಗೂ ಗೊತ್ತಿರಲಿಕ್ಕಿಲ್ಲ.

ನಾ ಚಲೋ ಅದೀನಿ. ನಿನ್ನ ಮಾರಿ ನೋಡಿ ಇಪ್ಪತ್ತಾರು ವರ್ಷ ಆತು. ಹೋದ ವಾರ ಊಟದ ಹೊತ್ತಿನ್ಯಾಗ, ನಮ್ಮ ಗಾಡಿ ಹೊಡಿಯೋ ಹುಡುಗ, ಮುನ್ನಾ ಅಂಬಾಂವ, ಮೊಬೈಲಿನ್ಯಾಗ ಒಂದು ವಿಡಿಯೊ ಹಚ್ಚಿದ. "ಮೇಸ್ತ್ರಿ, ನಮ್ಮ ರಾಯಚೂರು ಮಾಸ್ತರನ್ನ ನೋಡ್ರಿ, ಹೊಟ್ಟಿ ಹಿಡಕೊಂಡು ನಗಬೇಕು" ಅಂದ. ನೋಡಿದ್ನಿ. ಮ್ಯಾಲ ನಿನ್ನ ಮಾರಿ, ಕೆಳಗ ನನ್ನ ಹೆಸರು. ಎಲ್ಲಾರೂ ನಕ್ಕರು. ನಾ ನಗಲಿಲ್ಲ.

ಮೊಹರಂಗ ನಮ್ಮೂರು ದೇವದುರ್ಗಕ್ಕ ಬರಾಕತ್ತೀವಿ. ನಲವತ್ತು ಮಂದಿ ಅದೀವಿ, ಮೂರು ಕ್ರೂಸರ್ ಗಾಡಿ. ನಿನ್ನ ಕಡಿ ನನಗೊಂದು ಕೆಲಸ ಅದ. ಕಾಗದದಾಗ ಬರಿಯೋ ಅಂಥದ್ದಲ್ಲ, ಎದುರಿಗೆ ನಿಂತು ಹೇಳಬೇಕು. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ಫೋನ್ ನಂಬರ್ ಬರ್ದು ಕಳಸು.

ನಿಮ್ಮಣ್ಣ


ರಾಯಚೂರು
೧೨ ಜೂನ್ ೨೦೨೪

ಪೂಜ್ಯ ಅಣ್ಣನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದಾಗ ನಾನು ಒಂಬತ್ತನೆಯ ತರಗತಿಯಲ್ಲಿ ಸಮಾಸ ಹೇಳಿಕೊಡುತ್ತಿದ್ದೆ. ಹಲಗೆಯ ಮೇಲೆ 'ಅಣ್ಣನೂ + ತಮ್ಮನೂ' ಎಂದು ಬರೆದು ಸಮಚಿಹ್ನೆ ಹಾಕುವಷ್ಟರಲ್ಲಿ ಜವಾನ ಲಕೋಟೆ ಕೈಗಿಟ್ಟ. ಅಕ್ಷರ ಕಂಡೊಡನೆ ಗುರುತು ಹತ್ತಿತು. ಮಕ್ಕಳಿಗೆ "ಉತ್ತರ ನಾಳೆ" ಎಂದು ಹೇಳಿ, ಹೊರಗೆ ಬಂದು ನೀರು ಕುಡಿಯಲು ಲೋಟ ಎತ್ತಿದೆ. ಅರ್ಧ ನಾನು ಕುಡಿದೆ, ಅರ್ಧ ನನ್ನ ಅಂಗಿ ಕುಡಿಯಿತು.

ನಾನು ಊರೂರಿಗೆ ನಗೆ ಹಂಚುವವನು. ನಗೆಗೂ ಹಗೆಗೂ ಒಂದೇ ಅಕ್ಷರದ ಅಂತರ ಎಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡವನು. ಆ ಒಂದು ಅಕ್ಷರ ಈಗ ನನ್ನ ವಿಳಾಸ ಕೇಳಿಕೊಂಡು ಬಂದಿದೆ.

ತಪ್ಪನ್ನು ಬರೆದುಬಿಡುತ್ತೇನೆ, ಎದುರಿಗೆ ನಿಂತರೆ ಬಾಯಿ ಬರುವುದಿಲ್ಲ. ನೀವು ಹತ್ತನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದಿರಿ. ಅಪ್ಪ ತೀರಿಕೊಂಡಿದ್ದಕ್ಕೆ ಪುಣೆಗೆ ಗಾರೆ ಕೆಲಸಕ್ಕೆ ಹೋದಿರಿ. ನಾನು ಗಣಿತದಲ್ಲಿ ಮೂರು ಸಲ ಬಿದ್ದೆ. "ದೊಡ್ಡಾಂವ ಹ್ಯಾಂಗೂ ಕಲ್ಲು ಹೊರಾಕತ್ಯಾನ, ಅವನ ಕಾಗದ ಪೆಟ್ಟಿಗ್ಯಾಗ ಹುಳ ತಿನ್ನಾಕತ್ಯಾವು. ನೀ ಅವನ ಹೆಸರಿಲೆ ಕಾಲೇಜಿಗೆ ಹೋಗು" ಎಂದು ಅವ್ವ ನಿಮ್ಮ ಅಂಕಪಟ್ಟಿ ತೆಗೆದುಕೊಟ್ಟಳು. ಕೊಟ್ಟವಳು ಅವ್ವ, ಕೈ ಒಡ್ಡಿದವನು ನಾನು. ಅಂದಿನಿಂದ ಪಿಯುಸಿ, ಬಿ.ಎ., ಬಿ.ಎಡ್., ನೌಕರಿ, ಕಡೆಗೆ ಮದುವೆ ಕೂಡ ಯಲ್ಲಾಲಿಂಗನಿಗೇ ಆಯಿತು. ಹೆಂಡತಿಗೂ ನನ್ನ ನಿಜ ಹೆಸರು ಗೊತ್ತಿಲ್ಲ. ಅಂದಿನ ಅಂಕಪಟ್ಟಿ ಇಂದಿಗೂ ನನಗೆ ಆತಂಕಪಟ್ಟಿ.

ಪೇದೆ ಕೆಲಸಕ್ಕೆ ಅರ್ಜಿ ಹಾಕಲೆಂದು ನೀವು ಊರಿಗೆ ಬಂದು ಪೆಟ್ಟಿಗೆ ತೆರೆದ ದಿನ "ಕೈಗೆ ಸಿಕ್ರ ಕಡದು ಹಾಕ್ತೀನಿ" ಅಂದಿರಿ. ಹಿತ್ತಲ ಬಾಗಿಲಿನಿಂದ ಓಡಿದವನು ಇನ್ನೂ ಓಡುತ್ತಲೇ ಇದ್ದೇನೆ. ಅವ್ವ ಹೋದಾಗಲೂ ಮಣ್ಣು ಕೊಟ್ಟು, ನೀವು ಬಂದಿಳಿಯುವ ಮೊದಲೇ ಬಸ್ಸು ಹತ್ತಿದೆ.

ಕವಿತಾಳ ಊರಿನ ಸಂತೆಯಲ್ಲಿ ಎರಡು ಟಗರು ಕೊಂಡು, ದೇವದುರ್ಗದ ನಮ್ಮ ಓಣಿಯ ಹೀರಾಬಿ ಚಾಚಿಯ ಮನೆಗೆ ಕಳಿಸಿದ್ದೇನೆ. ಬಂದಾಗ ಸ್ವೀಕರಿಸಬೇಕು. ಫೋನ್ ನಂಬರ್ ಕೊಡದ್ದಕ್ಕೆ ಸಿಟ್ಟಾಗಬೇಡಿ, ಮನೆಯಲ್ಲಿ ಫೋನ್ ಎತ್ತುವವಳು ಹೆಂಡತಿಯೇ. ಪತ್ರಗಳು ಶಾಲೆಗೇ ಬರಲಿ.

ನಲವತ್ತು ಮಂದಿ ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ.

ನಿಮ್ಮ ತಮ್ಮ


ಪುಣೆ
೨೩ ಜೂನ್ ೨೦೨೪

ತಮ್ಮಾ,

ಕಾಗದ ಮುಟ್ಟಿತು. ನನಗ 'ನೀವು' ಅಂತ ಯಾಕ ಬರದಿ? ಕಚೇರಿಂದ ನೋಟಿಸ್ ಬಂದಂಗ ಆತು.

ಟಗರು ಯಾಕ ಕಳಿಸಿದಿ? ನನಗೇನು ಕಡಿಮಿ ಅದ? ಹೀರಾಬಿ ಚಾಚಿ ಮುನ್ನಾನ ಫೋನಿಗೆ ಹಚ್ಚಿ ಬೈದಳು. "ನಿನ್ನ ತಮ್ಮನ ಟಗರು ನನ್ನ ಒಣಾಕ ಹಾಕಿದ ಸೀರಿ ಸೆರಗು ಮೇದಾವು. ಸೀರಿ ಕೊಡಸ್ತೀಯೋ, ಬಿರಿಯಾನಿ ಮಾಡ್ಲೋ?" ಅಂದಳು.

ಪೆಟ್ಟಿಗಿ ಮಾತು ಬರ್ದಿ, ಓದಿದ್ನಿ. ಅದರ ಮ್ಯಾಲ ನಾ ಈಗ ಏನೂ ಬರಿಯಂಗಿಲ್ಲ.

ನಲವತ್ತು ಮಂದಿ ಯಾಕ ಅಂದಿ. ಅವರೆಲ್ಲಾ ನಿನ್ನ ನೋಡೇ ಹೋಗಬೇಕು ಅಂತ ಕುಂತಾರ. ಬಿಡೂ ಮಂದಿ ಅಲ್ಲ ಅವರು.

ಇನ್ನೊಂದು ಮಾತು. ಐತವಾರ ಇಲ್ಲಿ ಸೈಟಿಗೆ ಪಾದ್ರಿ ಒಬ್ರು ಬರ್ತಾರ, ಯೆಹೂದ್ಯರ ಹಳೀ ಗ್ರಂಥದಾಗಿನ ಕಥಿ ಹೇಳ್ತಾರ. ಏಸಾವ ಅಣ್ಣ, ಯಾಕೋಬ ತಮ್ಮ. ಅಪ್ಪಗ ಕಣ್ಣು ಕಾಣಂಗಿಲ್ಲ. ಅವ್ವನ ಮಾತು ಕೇಳಿ ತಮ್ಮ ಅಪ್ಪನ ಮುಂದ ಕುಂತು, ನಾನೇ ಏಸಾವ ಅಂತ ಹೇಳಿ, ಅಣ್ಣಗ ಸಿಗೋ ಆಶೀರ್ವಾದ ತಾನು ತಗೊಂಡುಬಿಡ್ತಾನ. ಅಣ್ಣ ಅವನ್ನ ಕೊಲ್ತೀನಿ ಅಂತಾನ. ತಮ್ಮ ಓಡಿ ಹೋಗ್ತಾನ. ಅಷ್ಟು ಹೇಳೂದ್ರಾಗ ನೀರಿನ ಟ್ಯಾಂಕರ್ ಬಂತು, ಎಲ್ಲಾರೂ ಕೊಡ ತಗೊಂಡು ಎದ್ದರು. ಪಾದ್ರಿನೂ ಎದ್ದ.

ಮುಂದ ಅವರಿಬ್ರೂ ಭೇಟಿ ಆದ್ರೇನು? ಭೇಟಿ ಆದಾಗ ಆ ಅಣ್ಣ ಏನು ಮಾಡಿದ? ನೀ ಓದಿದಾಂವ. ಕೇಳಿ ತಿಳಕೊಂಡು ಬರ್ದು ಕಳಸು. ನನಗ ಇದು ಬೇಕಾಗ್ಯಾದ.

ನಿಮ್ಮಣ್ಣ


ರಾಯಚೂರು
೧ ಜುಲೈ ೨೦೨೪

ಅಣ್ಣಾ,

'ನೀವು' ಬಿಟ್ಟೆ. ಆದರೆ ನಿನ್ನ ಆ 'ಬಿಡೂ ಮಂದಿ ಅಲ್ಲ' ಎಂಬ ಮಾತು ನನ್ನನ್ನು ಬಿಡಲೊಲ್ಲದು.

ಕಥೆ ಕೇಳಲೆಂದೇ ಮಾನ್ವಿಗೆ ಹೋಗಿ ಅಲ್ಲಿಯ ಪಾದ್ರಿಗಳ ಮುಂದೆ ಕುಳಿತೆ. "ಏನು ಮಾಸ್ತರ್ರೇ, ನಗೆಹನಿಗೆ ಸಾಮಾನು ಹುಡುಕಾಕ ಬಂದ್ರೇನು?" ಅಂದರು. ಹೌದು ಅಂದೆ. ನನ್ನ ಮುಖ ನೋಡಿ ನಂಬಲಿಲ್ಲ.

ಕೇಳು. ಯಾಕೋಬ ದೂರದೂರಲ್ಲಿ ಸೋದರಮಾವನ ಕುರಿ ಕಾಯ್ದು ಇಪ್ಪತ್ತು ವರ್ಷ ದುಡಿದ. ಹೆಂಡಂದಿರು, ಮಕ್ಕಳು, ದನಕರು ಎಲ್ಲ ಆಯಿತು. ಊರಿಗೆ ಹೊರಟು, ಅಣ್ಣನಿಗೆ ಮುಂಚೆ ಆಳು ಕಳಿಸಿ ತಿಳಿಸಿದ. ಆಳು ತಿರುಗಿ ಬಂದು ಹೇಳಿದ್ದು ಇಷ್ಟೆ: ನಿಮ್ಮಣ್ಣ ಎದುರುಗೊಳ್ಳಲು ಬರುತ್ತಿದ್ದಾನೆ, ಜೊತೆಗೆ ನಾನೂರು ಮಂದಿ. (ನಿನಗಿಂತ ಒಂದು ಸೊನ್ನೆ ಹೆಚ್ಚು. ನನಗೆ ಅಷ್ಟೇ ಸಮಾಧಾನ.) ಯಾಕೋಬ ನಡುಗಿದ. ಹೊಡೆದರೆ ಅರ್ಧವಾದರೂ ಉಳಿಯಲೆಂದು ತನ್ನ ಜನವನ್ನು ಎರಡು ಭಾಗ ಮಾಡಿದ. ಆಮೇಲೆ ಆಡು, ಟಗರು, ಒಂಟೆ, ಹಸು, ಕತ್ತೆ, ಎಲ್ಲವನ್ನೂ ಹಿಂಡು ಹಿಂಡಾಗಿ, ನಡುವೆ ಅಂತರ ಬಿಟ್ಟು, ಅಣ್ಣನಿಗೆ ಕಾಣಿಕೆಯಾಗಿ ಮುಂದೆ ಕಳಿಸಿದ. ಅಣ್ಣಾ, ಅವನೂ ಟಗರು ಕಳಿಸಿದ್ದ! ನಾನು ಇದನ್ನು ಕೇಳುವ ಮೊದಲೇ ಕಳಿಸಿದ್ದೆ. ಅಂಜಿದವನ ಬುದ್ಧಿ ಎಲ್ಲ ಕಾಲಕ್ಕೂ ಸಂತೆಯ ಕಡೆಗೇ ಓಡುತ್ತದೆ.

ಎಲ್ಲರ ಮುಂದೆ ತಾನೇ ನಡೆದು, ಏಳು ಸಲ ನೆಲಕ್ಕೆ ಬಾಗುತ್ತ ಬಾಗುತ್ತ ಹೋದ. ಏಸಾವ ಓಡಿ ಬಂದ. ತಮ್ಮನ ಕೊರಳು ತಬ್ಬಿದ, ಮುತ್ತಿಟ್ಟ. ಇಬ್ಬರೂ ಅತ್ತರು.

ಇಷ್ಟು ಹೇಳಿ ಪಾದ್ರಿಗಳು ಕನ್ನಡಕ ಒರೆಸಿಕೊಂಡರು. ಯಾಕೆ ಅತ್ತರು ಎಂದು ಅಲ್ಲಿ ಬರೆದಿಲ್ಲವಂತೆ. ಇನ್ನೊಂದು ಸಂಗತಿಯನ್ನೂ ಹೇಳಿದರು. ಮೂಲ ಹೀಬ್ರೂ ಪ್ರತಿಯಲ್ಲಿ 'ಮುತ್ತಿಟ್ಟ' ಎಂಬ ಮಾತಿನ ಒಂದೊಂದು ಅಕ್ಷರದ ನೆತ್ತಿಯ ಮೇಲೂ ಒಂದೊಂದು ಚುಕ್ಕೆ ಇದೆಯಂತೆ. ಮನಸಾರೆ ಕೊಟ್ಟದ್ದು ಎಂದು ಕೆಲವು ಪಂಡಿತರು. ಕಚ್ಚಲೆಂದೇ ಬಂದಿದ್ದ ಎಂದು ಇನ್ನು ಕೆಲವರು. ಅದು ಮುತ್ತೋ, ಮುತ್ತಿಗೆಯೋ ಇವತ್ತಿಗೂ ತೀರ್ಮಾನವಾಗಿಲ್ಲ. ಕಥೆ ಅಲ್ಲಿಗೆ ಮುಗಿಯಿತು.

ನನಗೆ ಮುಖ್ಯೋಪಾಧ್ಯಾಯನ ಬಡ್ತಿ ಬಂದಿದೆ. ಬಡ್ತಿಗಿಂತ ಮೊದಲು ಎದೆಬಡಿತ ಬಂತು, ಯಾಕೆಂದರೆ ಮೂಲ ದಾಖಲೆಗಳನ್ನು ಮತ್ತೆ ನೋಡುತ್ತಿದ್ದಾರೆ. ದೇವದುರ್ಗದ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಯಲ್ಲಾಲಿಂಗನ ಗುರುತಾಗಿ 'ಎಡಹುಬ್ಬಿನ ಮೇಲೆ ಗಾಯದ ಕಲೆ' ಎಂದು ಬರೆದಿದೆ. ಆ ಕಲೆ ನಿನ್ನ ಹುಬ್ಬಿನಲ್ಲಿದೆ, ನನ್ನ ಹುಬ್ಬಿನಲ್ಲಿ ಒಂದು ಗೀರೂ ಇಲ್ಲ. ಒಬ್ಬೊಬ್ಬರೇ ಇರುವತನಕ ನಾವು ಖರೆ. ಇಬ್ಬರೂ ಕೂಡಿ ನಿಂತರೆ ನಾನು ಸುಳ್ಳು. ನೀನು ಒಂದು ಹಾಳೆಯ ಮೇಲೆ ನಾಲ್ಕು ಸಾಲು ದೂರು ಬರೆದು ಕೊಟ್ಟರೆ ಸಾಕು. ನೌಕರಿ ಹೋಗುತ್ತದೆ, ಹಿಂದೆಯೇ ನಾನು ಜೈಲಿಗೆ ಹೋಗುತ್ತೇನೆ.

ಆ ಕೆಲಸ ಏನೆಂದು ಬರೆದುಬಿಡು ಅಣ್ಣಾ. ಕೈಮುಗಿಯುತ್ತೇನೆ.

ನಿನ್ನ ತಮ್ಮ


ರಾಯಚೂರು
೧೨ ಜುಲೈ ೨೦೨೪

ಅಣ್ಣಾ,

ನಿನ್ನ ಉತ್ತರ ಬರಲಿಲ್ಲ. ಹನ್ನೊಂದು ದಿನ ಆಯಿತು. ನೀನು ಪುಣೆ ಬಿಟ್ಟಿರಬಹುದೆಂದು ಇದನ್ನು ಹೀರಾಬಿ ಚಾಚಿಯ ಮನೆಗೆ ಕಳಿಸುತ್ತಿದ್ದೇನೆ.

ಶಾಲೆಯ ಮುಂದೆ ಕ್ರೂಸರ್ ನಿಂತರೆ ನಾನು ಗ್ರಂಥಾಲಯದ ಕಪಾಟಿನ ಹಿಂದೆ ಇರುತ್ತೇನೆ. ಮೊನ್ನೆ ನಿಂತಿದ್ದು ಮದುವೆ ಮಂದಿಯದು. ಕಪಾಟಿನ ಹಿಂದೆ ಏನು ಹುಡುಕುತ್ತಿದ್ದೀರಿ ಎಂದು ಗುಲ್ಫಶಾ ಮೇಡಂ ಕೇಳಿದರು. ಧೈರ್ಯ ಅಂದೆ. ಅವರು ನಕ್ಕರು. ಎಲ್ಲರೂ ನಗುತ್ತಾರೆ, ಅದೇ ನನ್ನ ಶಾಪ.

ನನ್ನ ಮನೆಗೆ ಬರಬೇಡ. ನಾನೂ ದೇವದುರ್ಗಕ್ಕೆ ಬರಲಾರೆ. ಮೊಹರಂ ಮರುದಿನ, ಹದಿನೆಂಟನೆಯ ತಾರೀಖು, ಮುಂಜಾನೆ ಹನ್ನೊಂದಕ್ಕೆ ಮಾನ್ವಿ ಬಸ್ ನಿಲ್ದಾಣ. ಮಿರ್ಚಿ ಬಂಡಿಯ ಹತ್ತಿರ. ಹಗಲು, ಜನ ಇರುತ್ತಾರೆ. ಒಬ್ಬನೇ ಬಾ.

ತಮ್ಮ


ರಾಯಚೂರು
೨೦ ಜುಲೈ ೨೦೨೪

ಅಣ್ಣಾ,

ಒಬ್ಬನೇ ಬಾ ಅಂದಿದ್ದೆ. ಮೂರು ಗಾಡಿಯೂ ಬಂದವು. ಒಂದರ ಹಿಂದೆ ಒಂದು, ಧೂಳು ಎಬ್ಬಿಸಿಕೊಂಡು, ನಿಲ್ದಾಣದ ಬಾಯಿಗೆ ಅಡ್ಡಲಾಗಿ ನಿಂತವು. ಬಾಗಿಲು ತೆರೆದು ಗಂಡಸರು ಇಳಿಯುತ್ತಲೇ ಇದ್ದರು. ನಾನು ಎಣಿಸಿದೆ. ಹದಿನೇಳರ ತನಕ ಎಣಿಸಿ ಬಿಟ್ಟೆ. ಮಿರ್ಚಿಯವನು "ಸರ್, ಮಂಡಕ್ಕಿ ಒಗ್ಗರಣಿ ಆರಾಕತ್ತದ" ಅಂದ. ಆರುತ್ತಿದ್ದುದು ನನ್ನ ನಾಲಗೆ. ಸಿಂಧನೂರು ಬಸ್ಸು ಹೊರಟು ನಿಂತಿತ್ತು. ಅಣ್ಣಾ, ನಿನಗೆ ಇದು ಕಾಣಲಿಲ್ಲ: ನನ್ನ ಒಂದು ಕಾಲು ಅದರ ಮೆಟ್ಟಿಲ ಮೇಲಿತ್ತು.

ಆಗ ನೀನು ಕಂಡೆ. ತಲೆ ಬೆಳ್ಳಗಾಗಿದೆ. ಬಲಗಾಲು ಎಳೆಯುತ್ತದೆ. ಆದರೂ ನೀನು ಓಡಿದೆ. ಎಳೆಯುವ ಕಾಲು ಎಳೆದುಕೊಂಡೇ ಓಡಿ ಬಂದು ನನ್ನ ಕೊರಳಿಗೆ ಬಿದ್ದೆ. ನಿನ್ನ ಅಂಗಿಗೆ ಸಿಮೆಂಟಿನ ವಾಸನೆ. ನಾನು ಕಣ್ಣು ಮುಚ್ಚಿದೆ, ಪ್ರೀತಿಯಿಂದಲ್ಲ. ಈಗ ಹೊಡೆಯುತ್ತಾನೆ ಎಂದು. ನಿನ್ನ ಗದ್ದ ನನ್ನ ಹೆಗಲಿಗೆ ತಾಗಿದಾಗ ಆ ಚುಕ್ಕೆಗಳು ನೆನಪಾದವು. ನೀನು ಕಚ್ಚಲಿಲ್ಲ. ಬಿಕ್ಕಿದೆ. ಆಮೇಲೆ ನನಗೂ ತಡೆಯಲಾಗಲಿಲ್ಲ.

ನಿನ್ನ ನಲವತ್ತು ಮಂದಿ ಚಪ್ಪಾಳೆ ಹೊಡೆದರು. "ಸರ್, ಒಂದು ಹಾಸ್ಯ ಹೇಳ್ರಿ", "ಸರ್, ಒಂದು ಸೆಲ್ಫಿ" ಎಂದು ಮುತ್ತಿಕೊಂಡರು. ನನ್ನ ಮೂಗು ಸುರಿಯುತ್ತಿರುವಾಗ ಮುನ್ನಾ ತೆಗೆದ ಪಟ ದಯವಿಟ್ಟು ಎಲ್ಲೂ ಹಾಕಿಸಬೇಡ. ಹಾಕಿದರೆ ಅದರಲ್ಲಿ ನಾವಿಬ್ಬರೂ ಕೂಡಿ ನಿಂತಿದ್ದೇವೆ.

ನೀನು ನನ್ನ ಹೆಸರು ಹಿಡಿದು ಕರೆಯಲಿಲ್ಲ. "ತಮ್ಮಾ, ತಮ್ಮಾ" ಎಂದಷ್ಟೇ ಅಂದೆ. ಬೇಕೆಂದೇ ಹಾಗೆ ಮಾಡಿದೆಯಾ? ಆ ಕೆಲಸದ ಮಾತು ಎತ್ತಲೇ ಇಲ್ಲ. ಮಿರ್ಚಿ ತಿಂದೆ, ನನ್ನ ಭುಜ ತಟ್ಟಿದೆ, ಗಾಡಿ ಹತ್ತಿದೆ. ಇಷ್ಟು ದಿನ ನಿನ್ನ ಸಿಟ್ಟಿಗೆ ಅಂಜಿದ್ದೆ. ಈಗ ನಿನ್ನ ಮೌನಕ್ಕೆ ಅಂಜುತ್ತಿದ್ದೇನೆ.

ನಿನ್ನ ತಮ್ಮ


ದೇವದುರ್ಗ
೨೬ ಜುಲೈ ೨೦೨೪

ತಮ್ಮಾ,

ಪಟ ಎಲ್ಲೂ ಹಾಕಿಸಂಗಿಲ್ಲ. ಮುನ್ನಾಗ ಹೇಳೀನಿ.

ಮಾನ್ವ್ಯಾಗ ಮಾತು ಬಾಯಿಗೆ ಬಂತು, ಮಿರ್ಚಿ ಕೂಡ ನುಂಗಿದ್ನಿ. ಪುಣೆಂದ ಮೂರು ಕಾಗದ ಬರ್ದು ಮೂರೂ ಹರದು ಒಗದೀನಿ. ಈಗ ಬರೀತೀನಿ. ಓದಿ ಸುಟ್ಟು ಹಾಕು.

ನಾ ಯಲ್ಲಾಲಿಂಗ ಅಲ್ಲ. ಇಪ್ಪತ್ತು ವರ್ಷದ ಮ್ಯಾಲ ಆತು, ನಾ ಉರುಕುಂದಪ್ಪ ಅದೀನಿ.

ನಿನ್ನ ಮ್ಯಾಲ ಸಿಟ್ಟು ಮಾಡಕೊಂಡು ಹೋದಾಂವ ಆರು ವರ್ಷಕ್ಕ ಲಗ್ನ ಮಾಡಕೊಂಡು ಊರಿಗೆ ಬಂದೆ. ಆಗ ನನ್ನ ಮಗಳು ನಾಗವೇಣಿ ಅವರವ್ವನ ಹೊಟ್ಟ್ಯಾಗಿದ್ದಳು. ರೇಷನ್ ಅಂಗಡಿಗೆ ಹೋದ್ರ ಅಲ್ಲಿದ್ದಾಂವ ಪುಸ್ತಕ ತಗದು ನೋಡಿ ಅಂದ: "ಯಲ್ಲಾಲಿಂಗನ ಹೆಸರು ನೌಕರಿ ಆತಂತ ರಾಯಚೂರಿಗೆ ತಗಸ್ಯಾರ. ಇಲ್ಲಿ ತಾಯಿ ವೆಂಕಮ್ಮ, ಮಗ ಉರುಕುಂದಪ್ಪ ಇಬ್ಬರೇ ಉಳದಾರ. ನೀ ಯಾರು?" ಹಿಂದ ಮಂದಿ ಸಾಲು ಹಚ್ಚಿದ್ರು. ಬಸರಿ ಹೆಂಗಸು ಮನ್ಯಾಗ ಕುಂತಿದ್ದಳು. ಅವ್ವ ನನ್ನ ಕೈ ಹಿಚುಕಿದಳು. "ಉರುಕುಂದಪ್ಪ" ಅಂದೆ. ಅಕ್ಕಿ ಅಳದು ಕೊಟ್ಟ.

ಆಮ್ಯಾಲ ಓಟಿನ ಚೀಟ್ಯಾಗ ಅದೇ ಹೆಸರು, ಆಧಾರ್ ಕಾರ್ಡಿನ್ಯಾಗ ಅದೇ ಹೆಸರು. ಮಗಳ ಸಾಲಿ ಕಾಗದದಾಗ 'ತಂದೆ ಉರುಕುಂದಪ್ಪ' ಅಂತನೇ ಅದ. ಆಕಿಗೆ ನನ್ನ ಖರೇ ಹೆಸರು ಗೊತ್ತಿಲ್ಲ. ನಿನ್ನ ಹೆಂಡತಿಗೆ ಗೊತ್ತಿಲ್ಲ ಅಂತ ನೀ ಬರದಾಗ ನಾ ಒಬ್ಬನ ಕುಂತು ನಕ್ಕೆ. ಆಮ್ಯಾಲ ನಗು ಬರಲಿಲ್ಲ.

ನಾಗವೇಣಿ ಸರ್ಕಾರಿ ನರ್ಸ್ ಕೆಲಸಕ್ಕ ಆಯ್ಕಿ ಆಗ್ಯಾಳ. ಜಾತಿ ಪರಿಶೀಲನಿಗೆ ಅಪ್ಪನ ಸಾಲಿ ಟಿ.ಸಿ. ಕೇಳ್ಯಾರ. ಅಪ್ಪನ ರಕ್ತಸಂಬಂಧಿ ಒಬ್ಬರು ಬಂದು ಹೇಳಿಕಿ ಕೊಡಬೇಕು, ನೌಕರ್ಯಾಗ ಇದ್ದೋರಾದ್ರ ಚಲೋ ಅಂದ್ರು. ಆಗಸ್ಟ್ ಹದಿನಾಕು, ಬುಧವಾರ, ದೇವದುರ್ಗದ ಕಚೇರ್ಯಾಗ. ಉರುಕುಂದಪ್ಪನ ಟಿ.ಸಿ. ನಿನ್ನ ಕಡಿ ಅದ. ನೌಕರ್ಯಾಗ ಇದ್ದಾಂವ ನೀನು. ನೀ ಬಂದು ನನ್ನ ಬಾಜೂಕ ನಿಂತು, ನಾನು ಈಕಿ ದೊಡ್ಡಪ್ಪ ಯಲ್ಲಾಲಿಂಗ ಅನಬೇಕು. ಇದೇ ಆ ಕೆಲಸ.

ನಾ ಅಂಜಿದ್ದೆ ಲೇ. ನೀ ಕಲತಾಂವ, ನಾಕು ಮಂದಿ ಕೇಳೋ ಮಾತು ನಿಂದು. ನನ್ನ ಹೆಸರು ಕದ್ದಾನ ಅಂತ ನೀನೇ ನನ್ನ ಮ್ಯಾಲ ಕೇಸ್ ಹಾಕಿದ್ರ ಆ ಹುಡುಗಿ ಬದುಕು ಏನಾಗಬೇಕು? ನೀ ಒಬ್ಬನ ಬಾ ಅಂದಾಗ, ಪೊಲೀಸರನ್ನ ಕುಂದರಿಸ್ಯಾನೇನೋ ಅಂತ ಹೆದರಿ ಮಂದೀನ ಕರಕೊಂಡು ಬಂದೆ. ನಿನ್ನ ನೋಡೂ ಹುಚ್ಚು ಅವರಿಗಿದ್ದದ್ದು ಖರೆ. ಒಬ್ಬನ ಬರಾಕ ನನಗ ಕಾಲು ಬರಲಿಲ್ಲ, ಅದೂ ಖರೆ.

ಬರ್ತೀಯೇನು?

ಅಣ್ಣ


ರಾಯಚೂರು
೬ ಆಗಸ್ಟ್ ೨೦೨೪

ಅಣ್ಣಾ,

ಹತ್ತು ದಿನ ಉತ್ತರಿಸದೆ ಕುಳಿತದ್ದಕ್ಕೆ ಬೈದುಕೋ. ನಾನೂ ಒಂದು ಪತ್ರ ಬರೆದು ಹರಿದೆ. ಅದರಲ್ಲಿ ಹೀಗಿತ್ತು: 'ನೀನು ಮುಂದೆ ನಡೆ, ನಾನು ನಿಧಾನವಾಗಿ ಹಿಂದೆ ಬರುತ್ತೇನೆ. ಶಾಲೆಯಲ್ಲಿ ಪರೀಕ್ಷೆ, ಮಕ್ಕಳು ಸಣ್ಣವರು.'

ಈ ಮಾತು ನನ್ನದಲ್ಲ, ಯಾಕೋಬನದು. ಕಥೆ ಅಳುವಲ್ಲಿಗೆ ಮುಗಿಯಿತು ಎಂದು ನಿನಗೆ ಸುಳ್ಳು ಬರೆದಿದ್ದೆ. ಮುಂದೆ ಇನ್ನೂ ಇದೆ. ಅತ್ತು ಮುಗಿದ ಮೇಲೆ ಏಸಾವ, ನಡೆ, ಕೂಡಿ ಹೋಗೋಣ ಎಂದ. ಯಾಕೋಬ, ಮಕ್ಕಳು ಎಳೆಯರು, ಮರಿಹಾಕಿದ ಕುರಿಗಳಿವೆ, ನೀನು ಮುಂದೆ ಹೋಗು, ನಿನ್ನೂರಿಗೆ ಬಂದು ಸೇರುತ್ತೇನೆ ಎಂದ. ಅಣ್ಣ ನಂಬಿ ಹೋದ. ತಮ್ಮ ಬೇರೆ ದಾರಿ ಹಿಡಿದು ಬೇರೆ ಊರಲ್ಲಿ ಮನೆ ಕಟ್ಟಿದ. ಅಪ್ಪಿಕೊಂಡಾಗಲೂ ಅವನ ಹೆದರಿಕೆ ಹೋಗಿರಲಿಲ್ಲ. ನಿನಗೆ ಅದನ್ನು ಯಾಕೆ ಬರೆಯಲಿಲ್ಲ ಅಂದರೆ, ನಾನೂ ಹಾಗೆಯೇ ಮಾಡಬೇಕೆಂದಿದ್ದೆ.

ಎಲ್ಲ ಲೆಕ್ಕ ಹಾಕಿ ನೋಡಿದ್ದೇನೆ, ಗಣಿತದಲ್ಲಿ ಮೂರು ಸಲ ಬಿದ್ದವನ ಲೆಕ್ಕ. ಕಚೇರಿಯವರು ಶಾಲೆಯ ಪುಸ್ತಕ ತರಿಸಿ, ಒಬ್ಬೊಬ್ಬರ ಹುಬ್ಬು ನೋಡಿದರೆ ಅಲ್ಲಿಗೆ ಮುಗಿಯಿತು. ನೋಡದಿದ್ದರೆ ನಾಗವೇಣಿ ಬಿಳಿ ಅಂಗಿ ತೊಡುತ್ತಾಳೆ. ನಾನು ಬರದಿದ್ದರೆ ನಾನು ಉಳಿಯುತ್ತೇನೆ, ಅವಳು ಉಳಿಯುವುದಿಲ್ಲ. ಒಮ್ಮೆ ನಿನ್ನ ನೌಕರಿ ತಿಂದಿದ್ದೇನೆ. ಮಗಳದ್ದೂ ತಿನ್ನಲಾರೆ.

ಶನಿವಾರ ಹೆಂಡತಿಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, "ಹಂಗಾದ್ರ ನಾ ಯಾರ ಹೆಂಡತಿ?" ಎಂದು ಕೇಳಿದಳು. ವೇದಿಕೆಯ ಮೇಲೆ ಎಂಥ ಪ್ರಶ್ನೆಗೂ ಉತ್ತರ ಎಸೆಯುವ ನಾನು ಆ ಮೊರ ಎತ್ತಿಕೊಂಡು ಅಕ್ಕಿ ಆರಿಸುತ್ತ ಕುಳಿತೆ. ನಿನ್ನೆ ಬಿಳಿ ಅಂಗಿ ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿ, "ಕಚೇರಿಗೆ ಹೋಗಾಕ ಇದಿರಲಿ" ಅಂದಳು. ಅದು ಕ್ಷಮೆಯೋ ಅಲ್ಲವೋ ಕೇಳುವ ಧೈರ್ಯವಾಗಲಿಲ್ಲ.

ಟಿ.ಸಿ.ಯನ್ನು ಇದರೊಂದಿಗೇ ಇಟ್ಟಿದ್ದೇನೆ. ನಾನು ತಪ್ಪಿಸಿಕೊಂಡರೂ ಅದಾದರೂ ತಲುಪಲಿ. ಬುಧವಾರ ಮುಂಜಾನೆ ದೇವದುರ್ಗದ ಬಸ್ ನಿಲ್ದಾಣದಲ್ಲಿ ನಿಲ್ಲು. ಮೊದಲ ಬಸ್ಸಿನಿಂದ ನಾನು ಇಳಿಯದಿದ್ದರೆ ಮನೆಗೆ ಹೋಗಬೇಡ, ಎರಡನೆಯದಕ್ಕೆ ಕಾಯಿ. ಅದರಲ್ಲೂ ಇಲ್ಲದಿದ್ದರೆ ನನ್ನ ನಂಬರಿಗೆ ಫೋನ್ ಹಚ್ಚು, ಕೆಳಗೆ ಬರೆದಿದ್ದೇನೆ. ಬೈ. ಬಾಯಿಗೆ ಬಂದಂತೆ ಬೈ.

ನಾನು ಬರುತ್ತೇನೆ ಎಂದು ನನಗೇ ಪೂರ್ತಿ ನಂಬಿಕೆ ಇಲ್ಲ. ಅದಕ್ಕೇ ನಿನಗೆ ಬರೆದು ಕೊಡುತ್ತಿದ್ದೇನೆ.

ನಿನ್ನ ತಮ್ಮ


ದೇವದುರ್ಗ
೧೧ ಆಗಸ್ಟ್ ೨೦೨೪

ತಮ್ಮಾ,

ಈ ಚೀಟಿ ಕಂಡಕ್ಟರ್ ಮಹಾಂತಯ್ಯನ ಕೈಯಾಗ ಕೊಟ್ಟು ಕಳಸಾಕತ್ತೀನಿ. ಫೋನಿನ್ಯಾಗ ಇಷ್ಟು ಮಾತು ನನಗ ಆಗಂಗಿಲ್ಲ. ಟಿ.ಸಿ. ಮುಟ್ಟಿತು. ನಾಗವೇಣಿ ಅದನ್ನ ಪ್ಲಾಸ್ಟಿಕ್ ಚೀಲದಾಗ ಹಾಕಿ ತಲಿದಿಂಬಿನ ಕೆಳಗ ಇಟ್ಟಾಳ. ಆಕಿಗೂ ಎಲ್ಲಾ ಹೇಳಿದ್ನಿ. "ಅಪ್ಪಾ, ಕಾಕಾ ಬರ್ತಾನೇನು?" ಅಂತ ಅದೊಂದೇ ಕೇಳಿದಳು.

ಮೊದಲನೇ ಬಸ್ಸು, ಎರಡನೇ ಬಸ್ಸು ಅಂತ ನಾ ಇಲ್ಲಿ ನಿಂತು ಕಾಯಂಗಿಲ್ಲ. ಮುಂದ ಹೋಗೂದು ಬ್ಯಾಡ, ಹಿಂದ ಬರೂದು ಬ್ಯಾಡ. ಮಂಗಳವಾರ ಸಂಜಿಮುಂದ ನಾನೇ ರಾಯಚೂರಿಗೆ ಬರ್ತೀನಿ. ನಿನ್ನ ಮನೀಗೇ ಬರ್ತೀನಿ. ಮನ್ಯಾಕಿಗೆ ಹೇಳು, ರೊಟ್ಟಿ ನಾಕು ಜಾಸ್ತಿ ಬಡೀಲಿ. ಮಂದಿ ಯಾರೂ ಇರಂಗಿಲ್ಲ. ಮುನ್ನಾನ್ನೂ ಬಿಟ್ಟು ಬರ್ತೀನಿ.

ಬುಧವಾರ ಮುಂಜಾನಿ ಇಬ್ಬರೂ ಒಂದೇ ಸೀಟಿನ್ಯಾಗ ಕುಂತು ಬರೂಣು. ಕಿಟಕಿ ಕಡಿ ನೀ ಕುಂದ್ರು. ಎದ್ದು ಓಡಬಾರ್ದು ಅಂತ ಈ ಕಡಿ ನಾ ಕುಂದರ್ತೀನಿ.

ನಾ ಎದ್ರ, ನೀ ನನ್ನ ಅಂಗಿ ಹಿಡಿ.

ಅಣ್ಣ